ಹೆಂಗಸರ ಕಡೆಯ ಬಾಗಿಲು

ಹೋದ ತಿಂಗಳು ಬಿನ್ ಒಮ್ರಾನ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಒಬ್ಬ ಹುಡುಗಿ ಬಂದಿದ್ದಳು. ಬೆಂಗಳೂರಿನಲ್ಲಿ ಆರ್ಕಿಟೆಕ್ಚರ್ ಓದಿದವಳು. ದೋಹಾದಲ್ಲಿ ಹಳೆಯ ಕಟ್ಟಡಗಳ ಜೀರ್ಣೋದ್ಧಾರ ಮಾಡುವ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದಾಳೆ. ನಾನು ಬದುಕಿನ ಬಹುಭಾಗ ಇದೇ ಕೆಲಸ ಮಾಡಿ ನಿವೃತ್ತಳಾದವಳು ಎಂದು ನನ್ನ ಮಗಳು ಹೇಳಿದ್ದರಿಂದ ಸಲಹೆ ಕೇಳಲು ಬಂದಿದ್ದಳು. ಫಿಲ್ಟರ್ ಕಾಫಿ ಕೊಟ್ಟು ಕೂರಿಸಿದೆ. ಅವಳ ಮೊದಲ ಪ್ರಶ್ನೆ, "ಆಂಟಿ, ಈ ಫೀಲ್ಡ್‌ಗೆ ಯಾವ ಸಾಫ್ಟ್‌ವೇರ್ ಕಲ್ತ್ರೆ ಒಳ್ಳೇದು?"

"ಚಪ್ಪಲಿ ಬಿಚ್ಚಿ ಅಡುಗೆಮನೆಗೆ ಹೋಗೋದನ್ನ ಕಲಿ" ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಸಿಟ್ಟಂತೂ ಇದೆ. ನಿವೃತ್ತಿಯಾದರೆ ಸಿಟ್ಟು ತಣ್ಣಗಾಗುತ್ತದೆ ಎಂದು ಹೇಳುವವರು ಯಾವತ್ತೂ ನಿಜವಾಗಿ ಸಿಟ್ಟು ಮಾಡಿಕೊಂಡಿರಲಿಕ್ಕಿಲ್ಲ. ಅವಳು ಹೋದ ಮೇಲೆ, ಇದನ್ನೆಲ್ಲ ಬರೆದೇ ಇಡಬೇಕು ಅನ್ನಿಸಿತು. ಬಡ್ತಿ, ಸನ್ಮಾನ, ಗೋಡೆಗೆ ನೇತುಹಾಕಿದ ಫಲಕ ಇವೆಲ್ಲ ನನ್ನ ಬಳಿಯೂ ಇವೆ, ಅವುಗಳಿಂದ ಯಾರಿಗೂ ಪ್ರಯೋಜನವಿಲ್ಲ. ಕೆಲಸ ನಿಜವಾಗಿ ಹೇಗಿರುತ್ತದೆ ಎನ್ನುವುದನ್ನು ಹೇಳುತ್ತೇನೆ.

ನಾನು ಮೈಸೂರಿನವಳು, ಸಿವಿಲ್ ಎಂಜಿನಿಯರ್. ಗಂಡನ ಹಿಂದೆ ಈ ದೇಶಕ್ಕೆ ಬಂದಾಗ ಹಳೆಯ ಮನೆಗಳ ಕೆಲಸ ಯಾರಿಗೂ ಬೇಡವಾಗಿತ್ತು. ಗಾಜಿನ ಗೋಪುರ ಕಟ್ಟುವ ಕಂಪನಿಗಳಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ, ಹಳೆಯ ಮನೆಗಳ ವಿಭಾಗದಲ್ಲಿ ಖಾಲಿ ಕುರ್ಚಿ ಇತ್ತು. ಹಾಗೆ ಕೂತೆ.

ಮೊದಲ ಮೇಲಧಿಕಾರಿ ನಮ್ಮ ದೇಶದವರೇ. ಸಿಮೆಂಟಿನ ಪರಮಭಕ್ತರು. ಇಲ್ಲಿನ ಹಳೆಯ ಮನೆಗಳು ಕಡಲಿನಿಂದ ಎತ್ತಿದ ಕಲ್ಲಿನವು, ಜಿಪ್ಸಮ್ ಗಾರೆಯಲ್ಲಿ ಕಟ್ಟಿದ್ದು, ಮೇಲೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರದ ಗಳುಗಳ ಮಾಳಿಗೆ. ಆ ಗಳು ಎಷ್ಟು ಉದ್ದ ಸಿಗುತ್ತದೋ ಕೋಣೆ ಅಷ್ಟೇ ಅಗಲ, ಅದಕ್ಕೇ ಆ ಮನೆಗಳ ಕೋಣೆಗಳೆಲ್ಲ ರೈಲು ಡಬ್ಬಿಯಂತೆ ನೀಳ. ಕಡಲಕಲ್ಲಿನ ಹೊಟ್ಟೆಯಲ್ಲಿ ಉಪ್ಪಿರುತ್ತದೆ. ಗೋಡೆ ಉಸಿರಾಡಿದರೆ ಉಪ್ಪು ನಿಧಾನಕ್ಕೆ ಹೊರಬಂದು ಉದುರುತ್ತದೆ, ಮನೆಯವರು ವರ್ಷಕ್ಕೊಮ್ಮೆ ಗುಡಿಸಿ ಗಾರೆ ಬಳಿಯುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಸಾಹೇಬರು ಒಂದು ಮನೆಗೆ ಪೂರ್ತಿ ಸಿಮೆಂಟು ಮೆತ್ತಿಸಿದರು. "ಇನ್ನು ನೂರು ವರ್ಷ ನೋಡ್ಬೇಕಾಗಿಲ್ಲ ಇಂದಿರಾ ಅವ್ರೇ" ಎಂದು ಗೋಡೆಗೆ ತಟ್ಟಿ ತೋರಿಸಿದರು. ಎರಡನೆಯ ಬೇಸಿಗೆಗೆ ಸಿಮೆಂಟಿನ ಹಿಂದೆ ಉಪ್ಪು ಕಟ್ಟಿಕೊಂಡು ಗೋಡೆ ಹಪ್ಪಳದಂತೆ ಉಬ್ಬಿತು. ಮೂರನೆಯ ಬೇಸಿಗೆಗೆ ಸಿಮೆಂಟು ನಿಂತಿತ್ತು, ಒಳಗಿನ ಕಲ್ಲು ಹಿಟ್ಟಾಗಿತ್ತು. ಅಷ್ಟರಲ್ಲಿ ಸಾಹೇಬರಿಗೆ ಬೇರೆ ಕಂಪನಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತ್ತು. ಈ ಕಸುಬಿನಲ್ಲಿ ತಪ್ಪು ಬೆಳಕಿಗೆ ಬರುವ ಹೊತ್ತಿಗೆ ಮಾಡಿದವರು ವಿಮಾನ ಹತ್ತಿರುತ್ತಾರೆ. ಇದನ್ನು ಮೊದಲ ಪಾಠವಾಗಿ ಇಟ್ಟುಕೊಳ್ಳಿ.

ಅಳತೆಯ ವಿಷಯಕ್ಕೆ ಬರುತ್ತೇನೆ. ನಾವು ಶುರುಮಾಡಿದಾಗ ಟೇಪು, ತೂಗುಗುಂಡು, ಪೆನ್ಸಿಲ್ಲು. ಆಮೇಲೆ ಮೂರುಕಾಲಿನ ಮೇಲೆ ಯಂತ್ರ ಬಂತು. ಕೊನೆಗೆ ಲೇಸರ್ ಸ್ಕ್ಯಾನರ್ ಬಂತು. ಕೋಣೆಯ ಮಧ್ಯೆ ಇಟ್ಟರೆ ತಾನೇ ಗಿರಗಿರನೆ ತಿರುಗಿ ಗೋಡೆಯ ಒಂದೊಂದು ಬಿರುಕನ್ನೂ ಕಂಪ್ಯೂಟರಿಗೆ ತುಂಬಿಸುತ್ತದೆ. ಎಲ್ಲರೂ ಬೆರಗಾದರು. ನಾನೂ ಆದೆ, ಸುಳ್ಳು ಹೇಳುವುದಿಲ್ಲ.

ಆದರೆ ಟೇಪಿನ ಕಾಲದಲ್ಲಿ ಎಲ್ಲಿಗೆ ಹೋಗುತ್ತಿರಲಿಲ್ಲವೋ ಲೇಸರಿನ ಕಾಲದಲ್ಲೂ ಅಲ್ಲಿಗೆ ಹೋಗಲಿಲ್ಲ. ಇಲ್ಲಿನ ಹಳೆಯ ಮನೆಗೆ ಎರಡು ಭಾಗ. ಮುಂದೆ ಗಂಡಸರ ಮಜ್ಲಿಸ್, ಅಂದರೆ ಬಂದವರನ್ನು ಕೂರಿಸುವ ಕೋಣೆ. ಕೆತ್ತನೆಯ ದೊಡ್ಡ ಬಾಗಿಲು, ಚಂದದ ಜಾಲಂಧ್ರ ಎಲ್ಲವೂ ಆ ಕಡೆ. ಹಿಂದೆ ಅಂಗಳ, ಬಾವಿ, ಅಡುಗೆಮನೆ, ಹೆಂಗಸರ ಕೋಣೆಗಳು. ಅಳತೆಗೆ ಹೋಗುತ್ತಿದ್ದವರೆಲ್ಲ ಗಂಡಸರು. ಮನೆಯಲ್ಲಿ ಹೆಂಗಸರಿದ್ದರೆ ಅವರು ಒಳಗೆ ಕಾಲಿಡುವಂತಿಲ್ಲ, ಇಡಬಾರದು ಕೂಡ. ಅದು ಮರ್ಯಾದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಆಮೇಲೆ ನಡೆಯುತ್ತಿದ್ದ ಕೆಲಸದ ಬಗ್ಗೆ. ಮಜ್ಲಿಸಿನಲ್ಲಿ ಕೂತು ಖಾವಾ ಕುಡಿದು, ಮುಂದಿನ ಭಾಗವನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆದು, ಹಿಂದಿನದನ್ನು ಮಾಳಿಗೆಯಿಂದಲೋ ಬೀದಿಯಿಂದಲೋ ಅಂದಾಜು ಮಾಡಿ, ನಕ್ಷೆಯಲ್ಲಿ ಬೂದು ಬಣ್ಣ ತುಂಬಿಸುತ್ತಿದ್ದರು. ಬೂದು ಅಂದರೆ "ನೋಡಿಲ್ಲ" ಎಂದು ಅರ್ಥವಾಗಬೇಕಿತ್ತು. ಆಫೀಸಿಗೆ ಬರುವಷ್ಟರಲ್ಲಿ ಅದರ ಮೇಲೆ "ನಂತರ ಸೇರಿಸಿದ್ದು, ಮಹತ್ವವಿಲ್ಲ" ಎಂದು ಅಚ್ಚಾಗಿರುತ್ತಿತ್ತು. ನೋಡದಿದ್ದುದಕ್ಕೆ ಮಹತ್ವವಿಲ್ಲ ಎಂದು ಬರೆಯಲು ಎಷ್ಟು ಧೈರ್ಯ ಬೇಕು ಹೇಳಿ!

ಸೈಟ್ ಸೂಪರ್‌ವೈಸರ್ ಹಮೀದಣ್ಣನ ಹತ್ತಿರ ಇದನ್ನು ಎತ್ತಿದ್ದೆ. ಉಳ್ಳಾಲದವರು, ಮನೆಮಾತು ಬ್ಯಾರಿ, ನನ್ನೊಡನೆ ಮಂಗಳೂರು ಕನ್ನಡ.

"ಹಮೀದಣ್ಣ, ಒಳಗೆ ಹೋಗಕ್ಕಾಗಲ್ಲ ಸರಿ. ಆದ್ರೆ ಹೋಗಿಲ್ಲ ಅಂತಾದ್ರೂ ಬರೀಬಹುದಲ್ವಾ?"

"ನಾನು ಅದನ್ನೇ ಹೇಳಿದ್ದು ಮೇಡಂ. ಖಾಲಿ ಬಿಟ್ಟರೆ ಡ್ರಾಯಿಂಗ್ ಪಾಸಾಗುದಿಲ್ಲ ಅಂತಾರೆ. ನಮ್ಮೂರಲ್ಲೂ ಹಾಗೇ ಅಲ್ವಾ ಮಾರಾಯ್ರೇ, ಬಂದವರಿಗೆ ಕಾಣುದು ಚಾವಡಿ ಮಾತ್ರ. ಮನೆ ಇರುದು ಒಳಗೆ."

ಆಮೇಲೆ ಒಳಗೆ ಹೆಂಗಸರಿರುವ ಮನೆಗಳಿಗೆ ನನ್ನನ್ನು ಕಳಿಸಲು ಶುರುಮಾಡಿದರು. ಹಮೀದಣ್ಣ ಹೊರಗೆ ಟೇಪಿನ ಒಂದು ತುದಿ ಹಿಡಿದು ನಿಲ್ಲುವರು, ನಾನು ಇನ್ನೊಂದು ತುದಿ ಹಿಡಿದು ಗೋಡೆಯಾಚೆಯಿಂದ ಕೂಗುವೆ.

ಈಗ ಮಿಸ್ಟರ್ ಬಾರ್ಲೋ ಬರಬೇಕು. ನನ್ನ ಕೊನೆಯ ಮೇಲಧಿಕಾರಿ, ಇಂಗ್ಲೆಂಡಿನವರು. ಮೃದು ಮಾತು, ಇಸ್ತ್ರಿ ಮಾಡಿದ ಲಿನನ್ ಅಂಗಿ, ಯಾರಿಗೂ ಏರುದನಿಯಲ್ಲಿ ಹೇಳಿದವರಲ್ಲ. ಬಂದ ವಾರವೇ ನಮಗೆಲ್ಲ ಒಂದು ಉಪನ್ಯಾಸ ಕೊಟ್ಟರು. ವಿಷಯ, ಹಳ್ಳಿಯಲ್ಲಿರುವ ಅವರದೇ ಮನೆ. ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತ, "ಹಳೆಯ ಮನೆಗೆ ಒಂದೇ ವಯಸ್ಸು ಇರುವುದಿಲ್ಲ. ಒಂದು ವಯಸ್ಸು ಉಳಿಸಲು ಇನ್ನೊಂದನ್ನು ಅಳಿಸುವುದು ಅಪರಾಧ" ಎಂದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಇಷ್ಟು ವರ್ಷಕ್ಕೆ ತಿಳಿದವರೊಬ್ಬರು ಬಂದರಲ್ಲ ಎಂದು ನಿಜಕ್ಕೂ ಖುಷಿಯಾಗಿತ್ತು.

ಮರುವರ್ಷ ಕಂಪನಿ ನನ್ನನ್ನು ತರಬೇತಿಗೆ ಇಂಗ್ಲೆಂಡಿಗೆ ಕಳಿಸಿತು. ಒಂದು ಭಾನುವಾರ ಬಾರ್ಲೋ ಅವರ ತಾಯಿ ನನ್ನನ್ನು ಊಟಕ್ಕೆ ಕರೆದರು. ಹಾಗಾಗಿ ಆ ಮನೆಯನ್ನು ನಾನು ಕಣ್ಣಾರೆ ನೋಡಿದೆ.

ಎಂಥ ಮನೆ! ಎದುರಿನಿಂದ ನೋಡಿದರೆ ಕೆಂಪು ಇಟ್ಟಿಗೆ, ಸಾಲಾಗಿ ಕಿಟಕಿ, ಅಚ್ಚುಕಟ್ಟು. ಪಕ್ಕಕ್ಕೆ ಹೋದರೆ ಗುಟ್ಟು ರಟ್ಟು. ಇಟ್ಟಿಗೆ ಎದುರಿಗೆ ಮಾತ್ರ, ಯಾವುದೋ ಕಾಲದ ಯಜಮಾನ ಪಟ್ಟಣದ ಮನೆಗಳನ್ನು ಕಂಡು ಆಸೆಪಟ್ಟು ಹೊದಿಸಿದ ಅಂಗಿ ಅದು. ಹಿಂದೆ ಇರುವುದು ಇನ್ನೂ ಹಳೆಯ ಓಕ್ ಮರದ ಚೌಕಟ್ಟು, ನಡುವೆ ಹೆಣೆದ ಕಡ್ಡಿಯ ತಟ್ಟಿಗೆ ಮಣ್ಣು ಮೆತ್ತಿದ ಗೋಡೆ. ನಮ್ಮ ಕಡೆಯ ತಟ್ಟಿಗೋಡೆಯೇ. ಮೊದಲಿಗೆ ಇಡೀ ಮನೆ ಒಂದೇ ಎತ್ತರದ ಹಜಾರವಾಗಿತ್ತಂತೆ, ನಡುವೆ ಒಲೆ, ಹೊಗೆ ಮಾಡಿನ ಸಂದಿಯಿಂದ ಹೊರಗೆ. ಎಷ್ಟೋ ತಲೆಮಾರಿನ ಮೇಲೆ ಹೊಗೆಗೂಡು ಕಟ್ಟಿ, ಹಜಾರವನ್ನು ಅಡ್ಡಕ್ಕೆ ಕತ್ತರಿಸಿ ಮಹಡಿ ಮಾಡಿದರು. ಮಲಗುವ ಕೋಣೆಯ ಚಾವಣಿಯ ಮರದಲ್ಲಿ ಆ ಹಳೆಯ ಹೊಗೆಯ ಮಸಿ ಇನ್ನೂ ಇದೆ, ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಒಂದು ಕಿಟಕಿಗೆ ಇಟ್ಟಿಗೆ ತುಂಬಿದ್ದರು, ಕಿಟಕಿಗೆ ತೆರಿಗೆ ಹಾಕುತ್ತಿದ್ದ ಕಾಲದ್ದಂತೆ. ನೆಲ ಎಷ್ಟು ಓರೆಯೆಂದರೆ ಮೇಜಿನ ಕಾಲಿಗೆ ಮರದ ತುಂಡು ಕೊಟ್ಟಿದ್ದರು.

ಹಿಂಬದಿಗೆ ಅಂಟಿಕೊಂಡು ಒಂದು ತಗಡಿನ ಮಾಡು. ನೋಡಲು ಅಸಹ್ಯ. ಮೊದಲು ಹಾಲು ಕಾಯಿಸುವ ಕೋಣೆಯಾಗಿತ್ತು, ಬಾರ್ಲೋ ಅವರ ಅಜ್ಜಿ ಅದನ್ನು ಬಚ್ಚಲು ಮಾಡಿಸಿದ್ದರು.

"ಈ ಮನೆಗೆ ಬಂದ ಪ್ರತಿಯೊಬ್ಬ ಸೊಸೆಯೂ ಒಂದು ಗೋಡೆ ಒಡೆಸಿದ್ದಾಳೆ" ಎಂದರು ಆ ತಾಯಿ ನಗುತ್ತ. "ನನಗೆ ಮಾತ್ರ ಭಾಗ್ಯವಿಲ್ಲ. ಅಡುಗೆಮನೆಯ ಕಿಟಕಿ ದೊಡ್ಡದು ಮಾಡುತ್ತೇನೆಂದರೆ ಕೌನ್ಸಿಲಿನವರು ಬಿಡುವುದಿಲ್ಲ. ಆ ತಗಡಿನ ಬಚ್ಚಲನ್ನೂ ಕೆಡವುವಂತಿಲ್ಲವಂತೆ. ಅದೂ ಇತಿಹಾಸವಂತೆ!"

ನಾನೂ ನಕ್ಕೆ. ಆ ಬಚ್ಚಲು ಹಾಗೇ ಉಳಿದದ್ದು ನನಗೆ ಸರಿ ಎನ್ನಿಸಿತ್ತು, ಈಗಲೂ ಸರಿಯೇ.

ದೋಹಾಕ್ಕೆ ಮರಳಿದ ಮೇಲೆ ಉಮ್ ನಾಸರ್ ಮನೆಯ ಕೆಲಸ ಬಂತು. ಉತ್ತರದ ಕಡಲೂರೊಂದರಲ್ಲಿ, ಹಿಂದೆ ಮುತ್ತಿನ ವ್ಯಾಪಾರ ಮಾಡುತ್ತಿದ್ದ ಮನೆತನದ ಮನೆ. ಫುಟ್‌ಬಾಲ್ ವಿಶ್ವಕಪ್ಪಿಗೆ ಮುಂಚಿನ ಗಡಿಬಿಡಿಯ ಕಾಲ, ಏನೇ ಇದ್ದರೂ ಬೇಗ ತೆರೆಯಬೇಕು, ಪ್ರವಾಸಿಗರಿಗೆ ತೋರಿಸಬೇಕು. ಮಗ ನಾಸರ್ ಅಲ್ ರಯ್ಯಾನ್‌ನಲ್ಲಿ ವಿಲ್ಲಾ ಕಟ್ಟಿಕೊಂಡಿದ್ದರು. ವಿಧವೆ ತಾಯಿ ಮಾತ್ರ ಹಳೆಯ ಮನೆ ಬಿಟ್ಟು ಕದಲಿರಲಿಲ್ಲ. ಉಮ್ ನಾಸರ್ ಅಂದರೆ ನಾಸರ್‌ನ ತಾಯಿ, ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದೇ ಹಾಗೆ. ಮೊದಲೇ ಯಾರೋ ಮಾಡಿದ್ದ ನಕ್ಷೆಯಲ್ಲಿ ಆ ಮನೆಯ ಹಿಂಭಾಗ ಪೂರ್ತಿ ಬೂದು.

ನಾನು ದೊಡ್ಡ ಬಾಗಿಲಲ್ಲಿ ನಿಂತು ಬೆಲ್ ಒತ್ತಿದೆ. ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಕೊನೆಗೆ ಪಕ್ಕದ ಓಣಿಯಿಂದ ಒಂದು ದನಿ, "ಯಾ ಮುಹಂದಿಸಾ, ಅಲ್ಲಿ ಯಾಕೆ ನಿಂತಿದ್ದೀ? ಅದು ಗಂಡಸರದ್ದು. ಇಲ್ಲಿ ಬಾ." ಮುಹಂದಿಸಾ ಅಂದರೆ ಎಂಜಿನಿಯರಮ್ಮ. ಓಣಿಯ ಗೋಡೆಯಲ್ಲಿ ಬಗ್ಗಿ ಹೋಗುವಷ್ಟು ಪುಟ್ಟ ಬಾಗಿಲು, ಹಸಿರು ಬಣ್ಣ ಸಿಪ್ಪೆ ಎದ್ದ ಹಲಗೆ. ಅಲ್ಲಿ ಆಕೆ ನಿಂತಿದ್ದರು, ಕೈಗೆ ಹಿಟ್ಟು ಮೆತ್ತಿತ್ತು. ಚಪ್ಪಲಿ ಬಿಚ್ಚಿ ಒಳಗೆ ಹೋದೆ, ಹೋದದ್ದು ನೇರ ಅಡುಗೆಮನೆಗೆ.

ಆ ಅಡುಗೆಮನೆಯನ್ನು ವಿವರಿಸಲೇಬೇಕು. ಹೊರಗಿನಿಂದ ನೋಡಿದರೆ ಸಿಮೆಂಟ್ ಬ್ಲಾಕಿನ ಡಬ್ಬ, ತೈಲ ಕಂಪನಿಯ ಸಂಬಳ ಬಂದ ಹೊಸತರಲ್ಲಿ ಗಂಡ ಕಟ್ಟಿಸಿದ್ದು. ಆದರೆ ಒಲೆಯ ಹಿಂದಿನ ಗೋಡೆ ಬೇರೆಯೇ. ಮಸಿಯ ಕೆಳಗೆ ಸಣ್ಣ ಒರಟು ಕಲ್ಲುಗಳು, ನಡುವೆ ಗಾರೆಯಲ್ಲ, ಬರಿಯ ಮಣ್ಣು. ಮಜ್ಲಿಸಿನ ಗೋಡೆಗಳೋ, ದುಡ್ಡಿದ್ದ ಕಾಲದವು, ನುಣುಪು ಗಾರೆಯವು. ಅಂದರೆ ಮನೆಯ ಅತಿ ಹಳೆಯ ಗೋಡೆ ಇದು. ಮುತ್ತು ಸಿಗುವ ಮೊದಲು ಆ ಕುಟುಂಬಕ್ಕಿದ್ದದ್ದು ಇದೊಂದೇ ಕೋಣೆ. ಬೇರೆಲ್ಲ ಇದರ ಬೆನ್ನಿಗೆ ಆತುಕೊಂಡು ಬೆಳೆದದ್ದು.

ಉಮ್ ನಾಸರ್ ನನ್ನ ಕೈಗೆ ಟೇಪಿನ ತುದಿ ಬಿಟ್ಟು ಬೇರೇನನ್ನೂ ಹಿಡಿಯಲು ಕೊಡಲಿಲ್ಲ, ತಾವೇ ತೋರಿಸುತ್ತ ಹೋದರು. ಈ ಕಟ್ಟೆ ಅತ್ತೆಯದು. ಬಾವಿಗೆ ಮುಚ್ಚಳ ಹಾಕಿಸಿದ್ದು ತಾನು, ದೊಡ್ಡ ಮಗಳು ಅಂಬೆಗಾಲಿಡಲು ಶುರುಮಾಡಿದಾಗ. ಈ ನೀಲಿ ಟೈಲ್ಸ್ ಹಜ್‌ನಿಂದ ಬಂದ ವರ್ಷದ್ದು. ಈ ತೂತು ಗ್ಯಾಸಿನ ಪೈಪಿಗೆ. ಈ ತೂತು ಮೊದಲ ಏಸಿಗೆ, ಅದನ್ನು ಕೂರಿಸಿದವನು ಪೂರಾ ಕತ್ತೆ.

"ಈ ಬಾಗಿಲು?" ಎಂದೆ, ನಾನು ಬಂದ ಬಾಗಿಲು ತೋರಿಸಿ.

ಆಕೆ ನಿಂತರು. ಓಣಿಯ ಆಚೆ ಈಗ ಖಾಲಿ ಇರುವ ಜಾಗ ಅವರ ತವರುಮನೆಯಂತೆ. ಚಿಕ್ಕಪ್ಪನ ಮಗನನ್ನೇ ಮದುವೆಯಾದದ್ದು. "ಬೀದಿಯಲ್ಲಿ ಮೆರವಣಿಗೆ ಮಾಡಿ ದೊಡ್ಡ ಬಾಗಿಲಿಂದ ನನ್ನನ್ನು ತರಲಿಲ್ಲ, ಯಾ ಬಿಂತಿ, ನನ್ನ ಮಗಳೇ. ನನ್ನ ತಾಯಿ ಕೈ ಹಿಡಿದು ಈ ಬಾಗಿಲಿಂದ ದಾಟಿಸಿದಳು. ಅತ್ತೆ ಆ ಕಟ್ಟೆ ಮೇಲೆ ಕೂತಿದ್ದಳು. ಆಮೇಲೆ ದಿನಾ ಇದರಲ್ಲೇ ಓಡಾಟ. ಉಪ್ಪು ಮುಗಿದರೆ ಇಲ್ಲಿಂದ, ಮಗು ಅತ್ತರೆ ಇಲ್ಲಿಂದ. ಆ ದೊಡ್ಡ ಬಾಗಿಲನ್ನು ನಾನು ದಾಟಿಯೇ ಇಲ್ಲ." ನೆರೆಹೊರೆಯ ಹೆಂಗಸರು ಬೀದಿ ಬಳಸದೆ ಹೋಗಿಬರಲೆಂದು ಹಳೆಯ ಕೇರಿಗಳಲ್ಲಿ ಇಂಥ ಬಾಗಿಲುಗಳಿದ್ದವು. ಹೆಚ್ಚಿನವನ್ನು ಮುಚ್ಚಿಯಾಗಿದೆ. ನಾನು ಕಂಡವುಗಳಲ್ಲಿ ಬಳಕೆಯಲ್ಲಿದ್ದದ್ದು ಇದೊಂದೇ.

ಅಳತೆ ಮುಗಿದ ಮೇಲೆ ಬಾರ್ಲೋ ಮತ್ತು ನಾಸರ್ ಮಜ್ಲಿಸಿನಲ್ಲಿ ಕೂತರು. ತಾಯಿ ಒಳಬಾಗಿಲ ಮರೆಯಲ್ಲಿ ನಿಂತರು, ನಡುವೆ ನಾನು ದುಭಾಷಿ. ಮನೆ ಬಿಡಲು ಆಕೆಯ ಷರತ್ತು ಒಂದೇ, ತನ್ನ ಅಡುಗೆಮನೆ ಮತ್ತು ಬಾಗಿಲು ಇದ್ದ ಹಾಗೇ ಇರಬೇಕು, ಬೇಕೆನಿಸಿದಾಗ ಬಂದು ಕೂರುತ್ತೇನೆ.

"ಅವರದೊಂದು ಕಲ್ಲೂ ಕಳೆದುಹೋಗುವುದಿಲ್ಲ ಎಂದು ಹೇಳಿ" ಎಂದರು ಬಾರ್ಲೋ.

ಹೇಳಿದೆ. ನನ್ನ ಮುರುಕು ಅರಬ್ಬಿಯಲ್ಲಿ ಆದಷ್ಟು ಸ್ಪಷ್ಟವಾಗಿ ಹೇಳಿದೆ. ಆಕೆ ಮರೆಯಿಂದ, "ನೀನು ಹೇಳಿದರೆ ಖಲಾಸ್, ಅಲ್ಲಿಗೆ ಮಾತು ಮುಗಿಯಿತು" ಎಂದರು. ಮರುವಾರ ಅಲ್ ರಯ್ಯಾನ್‌ಗೆ ಹೋದರು.

ಆಕೆ ಮನೆ ಖಾಲಿ ಮಾಡಿದ ಮೇಲೆ ಅಂತಿಮ ನಕ್ಷೆ ಬಂತು. ಅಡುಗೆಮನೆ, ಬಾವಿಕಟ್ಟೆ, ಹೆಂಗಸರ ಕೋಣೆಗಳು, ಓಣಿಯ ಬಾಗಿಲು ಎಲ್ಲದರ ಮೇಲೂ ಕೆಂಪು ಗೆರೆ. ಕೆಂಪು ಅಂದರೆ ಕೆಡವುವುದು. ಆ ಜಾಗದಲ್ಲಿ ಒಂದು ಕಾಫಿ ಶಾಪು, ಶೌಚಾಲಯ, ನೆರಳಿಗೆ ಬಟ್ಟೆಯ ಚಪ್ಪರ. ಕೆಳಗೆ ದಪ್ಪಕ್ಷರದಲ್ಲಿ, "ಮೂಲ ಸ್ವರೂಪಕ್ಕೆ ಮರಳಿಸುವ ಕೆಲಸ". ನಾನು ಅಷ್ಟು ಕಷ್ಟಪಟ್ಟು ಅಳೆದು ತಂದದ್ದು ಏನಾಯಿತು ಎಂದು ನೋಡಿದೆ. ನಕ್ಷೆ ಮಾಡುವವರು ಹಳೆಯ ಬೂದು ನಕ್ಷೆಯನ್ನೇ ಇಟ್ಟುಕೊಂಡಿದ್ದರು, ಅದಕ್ಕೆ ಆಗಲೇ ಮಂಜೂರಾತಿ ಸಿಕ್ಕಿತ್ತಲ್ಲ!

ಮೀಟಿಂಗಿನಲ್ಲಿ ಮಣ್ಣಿನ ಗೋಡೆಯ ಫೋಟೋ, ಗಾರೆಯ ಮಾದರಿ ಎಲ್ಲ ಮೇಜಿನ ಮೇಲಿಟ್ಟೆ. "ನೀವು ಕೆಡವುತ್ತಿರುವುದೇ ಮೂಲ. ಉಳಿಸುತ್ತಿರುವ ಮಜ್ಲಿಸೇ ಆಮೇಲೆ ಸೇರಿಸಿದ್ದು" ಎಂದೆ.

ಬಾರ್ಲೋ ಎಲ್ಲವನ್ನೂ ನಿಧಾನವಾಗಿ ನೋಡಿದರು. "ಇಂದಿರಾ, ತುಂಬ ಒಳ್ಳೆಯ ಕೆಲಸ. ಸ್ವಲ್ಪ ಭಾವುಕ. ನಾವು ಆರಿಸಿಕೊಂಡಿರುವುದು ಮುತ್ತಿನ ಕಾಲ. ಆ ಸಿಮೆಂಟ್ ಡಬ್ಬ ಆ ಕಥೆಗೆ ಹೊಂದುವುದಿಲ್ಲ."

"ನಿಮ್ಮ ಅಜ್ಜಿಯ ತಗಡಿನ ಬಚ್ಚಲು ಯಾವ ಕಥೆಗೆ ಹೊಂದುತ್ತದೆ ಸರ್?"

ಆತನ ಕಿವಿ ಕೆಂಪಾಯಿತು, ದನಿ ಮಾತ್ರ ಏರಲಿಲ್ಲ. "ಅದು ಬೇರೆ. ಅದು ಜನ ಬದುಕಿರುವ ಮನೆ. ಇದು ಸ್ಮಾರಕ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಇಲ್ಲೂ ಜನ ಬದುಕಿದ್ದರಪ್ಪಾ, ನೀವು ಎಬ್ಬಿಸಿ ಕಳಿಸುವವರೆಗೂ ಬದುಕಿದ್ದರು. ಕೈಗೆ ಹಿಟ್ಟು ಮೆತ್ತಿಕೊಂಡು ನನಗೆ ರೊಟ್ಟಿ ಬಡಿಸಿದ್ದರು. ಅಲ್ಲಿನ ಸೊಸೆಯಂದಿರು ಗೋಡೆ ಒಡೆಸಿದರೆ ಇತಿಹಾಸ, ಇಲ್ಲಿನ ಸೊಸೆ ಟೈಲ್ಸ್ ಹಾಕಿಸಿದರೆ ಕಸ. ಆತ ಕೆಟ್ಟವರಲ್ಲ, ಅದೇ ನನ್ನ ಹೊಟ್ಟೆ ಉರಿಸುವುದು. ಕೆಟ್ಟವರಾದರೆ ಕೆಟ್ಟತನ ಅನ್ನಬಹುದಿತ್ತು, ದಡ್ಡರಾದರೆ ಗೊತ್ತಿಲ್ಲದೆ ಮಾಡಿದರು ಅನ್ನಬಹುದಿತ್ತು. ಈತನಿಗೆ ಎಲ್ಲ ಗೊತ್ತಿತ್ತು, ನಮಗೆ ಪಾಠ ಮಾಡಿದವರೇ ಆತ. ಗೊತ್ತಿದ್ದುದನ್ನು ತನ್ನ ಮನೆಗೆ ಮಾತ್ರ ಇಟ್ಟುಕೊಂಡರು.

ನಾಸರ್‌ಗೆ ಫೋನ್ ಮಾಡಿದೆ. ಅವರಿಗೂ ಮುಜುಗರವಾಯಿತು. "ಸಹಿ ಆಗಿದೆ ಮೇಡಂ. ಉದ್ಘಾಟನೆಗೆ ದೊಡ್ಡವರು ಬರುತ್ತಾರೆ. ತಾಯಿಗೆ ನಿಧಾನಕ್ಕೆ ಹೇಳುತ್ತೇನೆ" ಎಂದರು. ಆ ನಿಧಾನ ಯಾವತ್ತೂ ಬರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೆಡವುವ ದಿನ ನಾನು ಹೋಗಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಯಿಂದ ಬಸ್ಸಿನಲ್ಲಿ ಕೆಲಸಗಾರರು ಬಂದು ಬೆಳಿಗ್ಗೆಯೇ ಶುರುಮಾಡಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಹಮೀದಣ್ಣನ ಫೋನು.

"ಮೇಡಂ, ಅಡುಗೆಕೋಣೆ ತೆಗೆದದ್ದೇ ತೆಗೆದದ್ದು, ಮಜ್ಲಿಸಿನ ಗೋಡೆ ಪಟಪಟ ಅಂತ ಶಬ್ದ ಮಾಡ್ತಾ ಉಂಟು. ಎಲ್ಲರನ್ನೂ ಹೊರಗೆ ಹಾಕಿದ್ದೇನೆ. ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಮೇಲಿಂದ ಒತ್ತಡ. ನಾನು ಒಬ್ಬನನ್ನೂ ಒಳಗೆ ಬಿಡುದಿಲ್ಲ."

"ಬಿಡಬೇಡಿ ಹಮೀದಣ್ಣ, ನಾನು ಬರ್ತೀನಿ."

"ನೀವು ಬಂದು ಎಂಥ ಮಾಡುದು? ಗೋಡೆ ಕಾಯುದಿಲ್ಲ ಮೇಡಂ."

ಕಾಯಲಿಲ್ಲ. ಹಳೆಯ ಮನೆಯಲ್ಲಿ ಯಾವುದು ಯಾವುದಕ್ಕೆ ಆತುಕೊಂಡಿದೆ ಎನ್ನುವುದು ಬಣ್ಣ ನೋಡಿ ತಿಳಿಯುವುದಿಲ್ಲ. ಆ ಕುರೂಪಿ ಬ್ಲಾಕಿನ ಡಬ್ಬ ಮತ್ತು ಅದರೊಳಗಿನ ಮಣ್ಣಿನ ಗೋಡೆ ಎರಡೂ ಸೇರಿ ಮಜ್ಲಿಸನ್ನು ಬೆನ್ನಿನಿಂದ ಹಿಡಿದು ನಿಲ್ಲಿಸಿದ್ದವು. ನಾನು ತಲುಪುವಷ್ಟರಲ್ಲಿ ಕೆತ್ತನೆಯ ಜಾಲಂಧ್ರದ ಸಮೇತ ಹಿಂದಿನ ಗೋಡೆ ಅಂಗಳದಲ್ಲಿ ಬಿದ್ದಿತ್ತು. ದೇವರ ದಯೆ, ಅದಕ್ಕಿಂತ ಹೆಚ್ಚಾಗಿ ಹಮೀದಣ್ಣನ ದಯೆ, ಯಾರಿಗೂ ಪೆಟ್ಟಾಗಿರಲಿಲ್ಲ. ನೀಲಿ ಟೈಲ್ಸಿನ ಚೂರುಗಳು ಮಣ್ಣಿನಲ್ಲಿ ಹರಡಿದ್ದವು. ನಾನು ಅಲ್ಲಿಯೇ ನಿಂತು ಅತ್ತೆ. ನಾಚಿಕೆಯೇನಿಲ್ಲ ಹೇಳಲು.

ಮುಂದೆ ಆದದ್ದು ತಿಪ್ಪೆ ಸಾರಿಸುವ ಕೆಲಸ. ಬಿದ್ದ ಗೋಡೆಯನ್ನು ಸಿಮೆಂಟ್ ಬ್ಲಾಕಿನಲ್ಲೇ ಕಟ್ಟಿದರು. ಹೌದು, ಯಾವ ಬ್ಲಾಕು ಮುತ್ತಿನ ಕಾಲದ ಕಥೆಗೆ ಹೊಂದುವುದಿಲ್ಲವೋ ಅದೇ ಬ್ಲಾಕು. ಮೇಲೆ ಹಳೆಯದರಂತೆ ಕಾಣುವ ಗಾರೆ, ಅಲ್ಲಲ್ಲಿ ಕೈಯಿಂದ ತಟ್ಟಿ ಮಾಡಿದ ಉಬ್ಬುತಗ್ಗು. ಅದರ ಮುಕ್ತಾಯದ ವರದಿಗೆ ನನ್ನ ಸಹಿ ಕೇಳಿದರು. ಮೂಲ ವಸ್ತುಗಳನ್ನು ಉಳಿಸಿಕೊಳ್ಳಲಾಗಿದೆ ಎಂದು ಅದರಲ್ಲಿತ್ತು. ಹಾಕುವುದಿಲ್ಲ ಎಂದೆ. ನಿವೃತ್ತಿಗೆ ಹತ್ತಿರವಿದ್ದೀರಿ, ಸುಮ್ಮನೆ ಯಾಕೆ ರಗಳೆ ಎಂದರು. ನಿವೃತ್ತಿಗೆ ಹತ್ತಿರವಿದ್ದವರೂ ರಗಳೆ ಮಾಡದಿದ್ದರೆ ಇನ್ನು ಯಾರು ಮಾಡಬೇಕು? ನಿನ್ನೆ ಮೊನ್ನೆ ಸೇರಿದ, ವೀಸಾದ ಚಿಂತೆಯಲ್ಲಿರುವ ಮಕ್ಕಳೇ? ಬೇರೆಯವರ ಸಹಿ ಬಿತ್ತು. ನಾನು ಕೆಲಸ ಬಿಟ್ಟೆ. ಬಾರ್ಲೋ ಬೀಳ್ಕೊಡುಗೆಯ ಭಾಷಣದಲ್ಲಿ ನನ್ನ ನಿಷ್ಠುರತೆಯನ್ನು ಹೊಗಳಿದರು. ಕೇಕ್ ಚೆನ್ನಾಗಿತ್ತು, ತಿನ್ನಲಾಗಲಿಲ್ಲ.

ಉದ್ಘಾಟನೆಯಾದ ಕೆಲವು ತಿಂಗಳ ಮೇಲೆ ಉಮ್ ನಾಸರ್ ತಾವಾಗಿ ಫೋನ್ ಮಾಡಿಸಿದರು. ಮಗ ಏನೋ ನೆಪ ಹೇಳಿ ಮುಂದೂಡುತ್ತಿದ್ದಾನೆ, ನೀನು ನನ್ನನ್ನು ಮನೆಗೆ ಕರೆದುಕೊಂಡು ಹೋಗು ಎಂದರು. ಹಾದಿಯಲ್ಲೇ ಎಲ್ಲ ಹೇಳಿಬಿಟ್ಟೆ. ನನ್ನ ಬಾಯಿಂದ ಮಾತು ಕೊಡಿಸಿದ್ದರು, ಅದು ಮುರಿದದ್ದನ್ನೂ ನನ್ನ ಬಾಯಿಂದಲೇ ಕೇಳಬೇಕಿತ್ತು. ಆಕೆ ಕಿಟಕಿಯಾಚೆ ನೋಡುತ್ತಿದ್ದರು. ಅರ್ಥವಾಯಿತೋ, ನಂಬಲಿಲ್ಲವೋ, ನನಗೆ ತಿಳಿಯಲಿಲ್ಲ.

ಕಾರಿಳಿದವರು ನೇರ ಪಕ್ಕದ ಓಣಿಗೆ ನಡೆದರು. ಅಭ್ಯಾಸ. ಅಲ್ಲಿ ಬೆಣ್ಣೆಯಂಥ ನುಣುಪು ಗೋಡೆ, ಕೆಳಗೆ ಸಾಲಾಗಿ ದೀಪ. ಆಕೆ ಗೋಡೆಗೆ ಅಂಗೈ ಇಟ್ಟು, ಒಂದಷ್ಟು ದೂರ ಸವರುತ್ತ ಹೋದರು. ಮತ್ತೆ ಹಿಂದಕ್ಕೆ ಸವರುತ್ತ ಬಂದರು.

ಅಷ್ಟರಲ್ಲಿ ಸಮವಸ್ತ್ರ ಹಾಕಿದ ಗೈಡ್ ಹುಡುಗಿಯೊಬ್ಬಳು ಓಡಿ ಬಂದಳು. ಪಾಪ, ಒಳ್ಳೆಯ ಹುಡುಗಿ, ತುಂಬ ಗೌರವದಿಂದಲೇ ಮಾತಾಡಿದಳು. "ಯಾ ಉಮ್ಮೀ, ಈ ಕಡೆ ದಾರಿ ಇಲ್ಲ. ಮುಂದಿನಿಂದ ಬನ್ನಿ. ಅದೇ ಈ ಮನೆಯ ಮೂಲ ಬಾಗಿಲು."

ಮುಂದೆ ಹೋದೆವು. ಎಣ್ಣೆ ಹಚ್ಚಿದ ಕೆತ್ತನೆಯ ಬಾಗಿಲು ಹಾರುಹೊಡೆದಿತ್ತು, ಒಳಗಿನಿಂದ ಕಾಫಿಯ ಪರಿಮಳ ಬರುತ್ತಿತ್ತು. ಹುಡುಗಿ ನಗುತ್ತ ಕೈಚಾಚಿ, "ಅಹ್ಲನ್, ಅಹ್ಲನ್, ಬನ್ನಿ" ಎಂದಳು. ಉಮ್ ನಾಸರ್ ಹೊಸ್ತಿಲ ಈಚೆಯೇ ನಿಂತರು. ಅಬಾಯಾ ಸರಿಮಾಡಿಕೊಂಡು ಒಳಗೆ ಒಮ್ಮೆ ನೋಡಿದರು.

"ಇದು ಅತಿಥಿಗಳು ಬರುವ ಬಾಗಿಲು, ಮಗಳೇ" ಎಂದರು. "ನಾನು ಯಾವಾಗ ಅತಿಥಿಯಾದೆ?"

ಹುಡುಗಿ ನನ್ನ ಮುಖ ನೋಡಿದಳು. ಉಮ್ ನಾಸರ್ ತಿರುಗಿ ಕಾರಿನ ಕಡೆ ನಡೆದರು. ನಾನೂ ಒಳಗೆ ಕಾಲಿಡಲಿಲ್ಲ.